ಷೇರು ಪೇಟೆಯಲ್ಲಿ ನಮ್ಮ ರೊಕ್ಕ ಎಲ್ಲಿ ಹೋಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹುಬ್ಬಳ್ಳಿಯಲ್ಲಿ ಲೆಕ್ಕಪತ್ರದ ಕೆಲಸ ಮಾಡುತ್ತೇನೆ. ಅಪ್ಪನದು ಬ್ಯಾಡಗಿ ಹತ್ತಿರದ ಹಳ್ಳಿಯಲ್ಲಿ ಮೆಣಸಿನಕಾಯಿ ಹೊಲ. ಜುಲೈ ಬಂತೆಂದರೆ ತೆರಿಗೆ ರಿಟರ್ನ್ ತುಂಬಿಸಲು ಜನ ಬರುತ್ತಾರೆ. ಕೆಲಸ ಮುಗಿದು ಎದ್ದು ನಿಂತ ಮೇಲೆ ಬಹಳ ಜನ ದನಿ ತಗ್ಗಿಸಿ ಕೇಳುತ್ತಾರೆ, "ಅಕ್ಕಾರ, ಈ ಷೇರು ಅಂದ್ರ ಖರೇನ ಏನ್ರಿ?" ಅವರ ಪ್ರಶ್ನೆಗಳನ್ನೂ ನನ್ನ ಉತ್ತರಗಳನ್ನೂ ಇಲ್ಲಿ ಬರೆದಿದ್ದೇನೆ. ಯಾವ ಷೇರು ತಗೋಬೇಕು ಅಂತ ಹೇಳುವುದಿಲ್ಲ. ನಿಮ್ಮ ರೊಕ್ಕ ಯಾವ ಗಳಿಗೆಯಲ್ಲಿ ಯಾರ ಕೈಯಲ್ಲಿದೆ ಅಂತ ಗೊತ್ತಾಗುವವರೆಗೆ ಒಂದು ರೂಪಾಯಿಯನ್ನೂ ಹಾಕಬೇಡಿ, ನನ್ನ ಹಟ ಇದೊಂದೇ.

ಷೇರು ಅಂದರೆ ಏನು? ನಮ್ಮ ಸೊಸೈಟಿ ಷೇರಿನ ಹಾಗೇ ತಾನೆ?

ಗದಗ ಕಡೆಯವರು ಇದನ್ನು ಕೇಳದೆ ಬಿಡುವುದಿಲ್ಲ. ದೇಶದ ಮೊದಮೊದಲ ಸಹಕಾರಿ ಸಂಘಗಳಲ್ಲಿ ಒಂದು ಹುಟ್ಟಿದ್ದೇ ಅಲ್ಲಿನ ಕಣಗಿನಹಾಳದಲ್ಲಿ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಮುಂದೆ ನಿಂತು ಕಟ್ಟಿದ್ದು. ಹಾಗಾಗಿ ಷೇರು ಅನ್ನುವ ಮಾತು ನಮ್ಮ ಕಡೆಯ ಹಳ್ಳಿಗೆ ಹೊಸದಲ್ಲ.

ಎರಡೂ ಪಾಲೇ. ಆದರೆ ಸೊಸೈಟಿಯಲ್ಲಿ ಎಷ್ಟು ಷೇರಿದ್ದರೂ ಒಬ್ಬರಿಗೆ ಒಂದೇ ವೋಟು. ಕಂಪನಿಯಲ್ಲಿ ಷೇರಿಗೊಂದು ವೋಟು. ಇನ್ನೊಂದು ದೊಡ್ಡ ವ್ಯತ್ಯಾಸ ಇದೆ. ಸೊಸೈಟಿ ಷೇರು ಬೇಡವಾದರೆ ಸಂಘಕ್ಕೇ ಕೊಟ್ಟು, ಕಟ್ಟಿದ ರೊಕ್ಕ ವಾಪಸ್ ತರುತ್ತೀರಿ. ಕಂಪನಿ ಹಾಗೆ ಕೇಳಿದಾಗೆಲ್ಲ ವಾಪಸ್ ತಗೊಳ್ಳುವುದಿಲ್ಲ, ಕೊಳ್ಳುವವರು ಬೇರೆ ಯಾರಾದರೂ ಸಿಗಬೇಕು, ಅವರು ಕೊಡುವ ಬೆಲೆಯೇ ಬೆಲೆ. ಆ ಬೇರೆಯವರು ಸಿಗುವ ಜಾಗವೇ ಷೇರು ವಿನಿಮಯ ಕೇಂದ್ರ.

ನಾನು ಷೇರು ಕೊಂಡರೆ ಆ ರೊಕ್ಕ ಕಂಪನಿಗೆ ಹೋಗುತ್ತದಾ?

ಬಹುತೇಕ ಇಲ್ಲ. ವರೂರಿನ ವಿಆರ್‌ಎಲ್ ಲಾರಿಗಳನ್ನು ನೋಡದವರು ಹುಬ್ಬಳ್ಳಿಯಲ್ಲಿ ಯಾರಿದ್ದಾರೆ? ಆ ಕಂಪನಿ 2015ರಲ್ಲಿ ಐಪಿಒ ಮಾಡಿ, ಅಂದರೆ ಮೊದಲ ಸಲ ಜನರಿಗೆ ಷೇರು ಮಾರಿ, ಪೇಟೆಗೆ ಬಂತು. ಐಪಿಒದಲ್ಲಿ ನೀವು ಕೊಟ್ಟ ರೊಕ್ಕ ಕಂಪನಿಗೆ ಹೋಗುತ್ತದೆ, ಅಥವಾ ತಮ್ಮ ಪಾಲು ಮಾರುತ್ತಿರುವ ಹಳೆಯ ಪಾಲುದಾರರಿಗೆ. ಅದಾದ ಮೇಲೆ ಇವತ್ತು ನೀವು ಅದೇ ಷೇರು ಕೊಂಡರೆ ರೊಕ್ಕ ಹೋಗುವುದು ಸೂರತ್‌ನಲ್ಲೋ ಕೊಯಮತ್ತೂರಿನಲ್ಲೋ ಕೂತು ಅದನ್ನು ಮಾರುತ್ತಿರುವ, ನಿಮಗೆ ಗೊತ್ತೇ ಇಲ್ಲದ ಒಬ್ಬರಿಗೆ. ಒಂದು ಮಾತು ಮನಸ್ಸಿನಲ್ಲಿಡಿ. ನೀವು ಕೊಳ್ಳುವಾಗ ಅದೇ ಬೆಲೆಗೆ "ಸಾಕು, ಮಾರೋಣ" ಅಂದುಕೊಂಡವರು ಆ ಕಡೆ ಇದ್ದೇ ಇರುತ್ತಾರೆ. (ಊರಿನ ಹೆಸರಿಗಾಗಿ ಇದನ್ನು ಹೇಳಿದೆ ಅಷ್ಟೇ, ಕೊಳ್ಳಿ ಅಂತಲೂ ಅಲ್ಲ, ಬೇಡ ಅಂತಲೂ ಅಲ್ಲ.)

ಅಲ್ಲಿ ಕೂಗುವವರೇ ಇಲ್ಲ, ಕಂಪ್ಯೂಟರ್ ಬೆಲೆ ಹೇಗೆ ಕಟ್ಟುತ್ತದೆ?

ಬ್ಯಾಡಗಿ ಪೇಟೆಯನ್ನು ನೆನಪಿಸಿಕೊಳ್ಳಿ. ರೈತರು ಚೀಲ ತಂದು ದಲಾಲಿ ಅಂಗಡಿಯ ಮುಂದೆ ಇಳಿಸುತ್ತಾರೆ. ಪ್ರತಿ ಲಾಟಿಗೂ ಒಂದು ನಂಬರು. ವ್ಯಾಪಾರಿಗಳು ಬಂದು ಡಬ್ಬಿ ತಳಿಯೋ ಕಡ್ಡಿ ತಳಿಯೋ, ಬಣ್ಣ ಹೇಗಿದೆ, ಒಣಗಿದೆಯೋ ಇಲ್ಲವೋ ಅಂತ ಕೈಯಲ್ಲಿ ಹಿಡಿದು ನೋಡುತ್ತಾರೆ. ಆಮೇಲೆ ಇ-ಟೆಂಡರ್‌ನಲ್ಲಿ ತಮ್ಮ ರೇಟು ಹಾಕುತ್ತಾರೆ. ಒಬ್ಬರ ರೇಟು ಇನ್ನೊಬ್ಬರಿಗೆ ಕಾಣುವುದಿಲ್ಲ. ಹೊತ್ತು ಮುಗಿದ ಮೇಲೆ ಹೆಚ್ಚು ಹಾಕಿದವರಿಗೆ ಆ ಲಾಟು.

ಷೇರು ಪೇಟೆಯಲ್ಲಿ ಮೂರು ವಿಷಯ ಬೇರೆ. ಮೊದಲನೆಯದು, ಒಂದು ಕಂಪನಿಯ ಒಂದು ಷೇರು ಇನ್ನೊಂದರ ಹಾಗೇ ಇರುತ್ತದೆ, ಕೈಯಲ್ಲಿ ಹಿಡಿದು ನೋಡುವುದೇನೂ ಇಲ್ಲ. ಹಾಗಾಗಿ ಸಾವಿರ ಜನರ ಮಾಲನ್ನು ಒಂದೇ ರಾಶಿ ಮಾಡಬಹುದು. ಎರಡನೆಯದು, ಇಲ್ಲಿ ಮಾರುವವರೂ ತಮ್ಮ ಬೆಲೆ ಹೇಳುತ್ತಾರೆ. ನಮ್ಮ ಅಪ್ಪನಿಗೆ ಟೆಂಡರ್ ಬಂದ ಮೇಲೆ ಹೂಂ ಅಥವಾ ಉಹೂಂ ಅನ್ನುವುದಷ್ಟೇ ಉಳಿಯುತ್ತದೆ, ಷೇರು ಮಾರುವವರಿಗೆ ಹಾಗಲ್ಲ. ಮೂರನೆಯದು, ಎರಡೂ ಕಡೆಯ ಬೆಲೆ ಎಲ್ಲರಿಗೂ ಕಾಣುತ್ತದೆ, ದಿನವಿಡೀ ಬದಲಾಗುತ್ತಲೇ ಇರುತ್ತದೆ.

ಒಂದು ಲೆಕ್ಕ ಹಾಕೋಣ. ಒಂದು ಷೇರನ್ನು ಮಾರುವವರ ಸಾಲಿನಲ್ಲಿ 250.50 ರೂಪಾಯಿಗೆ 50 ಷೇರು, 251ಕ್ಕೆ 200 ಷೇರು ಇವೆ. ಕೊಳ್ಳುವವರ ಸಾಲಿನಲ್ಲಿ 250ಕ್ಕೆ 80 ಬೇಕು ಅಂತಿದ್ದಾರೆ. ಇಬ್ಬರ ಬೆಲೆ ಕೂಡುತ್ತಿಲ್ಲ, ಹಾಗಾಗಿ ವ್ಯಾಪಾರ ಇಲ್ಲ, ಎಲ್ಲರೂ ಕಾಯುತ್ತಿದ್ದಾರೆ. ಈಗ ನೀವು ಬಂದು "ಬೆಲೆ ಎಷ್ಟಾದರೂ ಆಗಲಿ, 120 ಕೊಡಿ" ಅಂದಿರಿ. ಕಂಪ್ಯೂಟರ್ ಮೊದಲು 250.50ರ 50 ಷೇರು ಕೊಡುತ್ತದೆ, ಉಳಿದ 70ನ್ನು 251ಕ್ಕೆ ಕೊಡುತ್ತದೆ. ಒಟ್ಟು 30,095 ರೂಪಾಯಿ. ಪರದೆಯ ಮೇಲೆ ಕಡೆಯ ಬೆಲೆ 251 ಅಂತ ಬರುತ್ತದೆ. ಬೆಲೆ ಏರಿತು ಅಂತ ಟಿವಿಯಲ್ಲಿ ಹೇಳುವುದು ಇದನ್ನೇ. ಕುರ್ಚಿಯಲ್ಲಿ ಕೂತು ಬೆಲೆ ಏರಿಸಿದವರು ಯಾರೂ ಇಲ್ಲ, ಕಡಿಮೆ ಬೆಲೆಗೆ ಮಾರುವವರ ಮಾಲು ಖಾಲಿಯಾಯಿತು ಅಷ್ಟೇ.

ನಿಯಮ ಎರಡೇ: ಒಳ್ಳೆಯ ಬೆಲೆ ಹೇಳಿದವರು ಮೊದಲು, ಒಂದೇ ಬೆಲೆ ಹೇಳಿದವರಲ್ಲಿ ಮೊದಲು ಬಂದವರು ಮೊದಲು. ನೀವು ಹತ್ತು ಷೇರಿನವರೋ ಹತ್ತು ಲಕ್ಷ ಷೇರಿನವರೋ ಅಂತ ಆ ಸಾಲು ನೋಡುವುದಿಲ್ಲ. ನನಗೆ ಈ ವ್ಯವಸ್ಥೆಯಲ್ಲಿ ತುಂಬಾ ಹಿಡಿಸುವುದು ಇದೇ.

ಮಾರ್ಕೆಟ್ ಆರ್ಡರ್, ಲಿಮಿಟ್ ಆರ್ಡರ್, ಯಾವುದು ಹಾಕಲಿ?

ಲಿಮಿಟ್. ಮೇಲಿನ ಲೆಕ್ಕದಲ್ಲಿ "ಎಷ್ಟಾದರೂ ಆಗಲಿ" ಅಂದದ್ದು ಮಾರ್ಕೆಟ್ ಆರ್ಡರ್. "250.50ರ ಮೇಲೆ ಒಂದು ಪೈಸೆ ಕೊಡುವುದಿಲ್ಲ" ಅಂದರೆ ಲಿಮಿಟ್. ದಿನಕ್ಕೆ ಲಕ್ಷಗಟ್ಟಲೆ ಷೇರು ಕೈ ಬದಲಾಗುವ ದೊಡ್ಡ ಕಂಪನಿಯಲ್ಲಿ ಎರಡಕ್ಕೂ ಬಹಳ ಫರಕು ಬೀಳುವುದಿಲ್ಲ. ವ್ಯಾಪಾರ ಕಡಿಮೆ ಇರುವ ಸಣ್ಣ ಕಂಪನಿಯಲ್ಲಿ ಮಾತ್ರ ಸಾಲು ತೆಳ್ಳಗಿರುತ್ತದೆ, ನಿಮ್ಮ ಒಂದು ಆರ್ಡರೇ ಬೆಲೆಯನ್ನು ಮೇಲಕ್ಕೆ ಎಳೆದು, ಆ ಎಳೆದ ಬೆಲೆಯನ್ನು ನೀವೇ ಕೊಡಬೇಕಾಗುತ್ತದೆ.

ಬೆಳಗ್ಗೆ 9ಕ್ಕೆ ಆರ್ಡರ್ ಹಾಕಿದರೂ 9:15ರವರೆಗೆ ಏನೂ ಆಗುವುದಿಲ್ಲ, ಯಾಕೆ?

ಪೇಟೆ ನಡೆಯುವುದು ಸೋಮವಾರದಿಂದ ಶುಕ್ರವಾರ, ಬೆಳಗ್ಗೆ 9:15ರಿಂದ ಮಧ್ಯಾಹ್ನ 3:30. ಅದಕ್ಕೂ ಮುಂಚಿನ ಕಾಲು ತಾಸು ಹೆಚ್ಚುಕಡಿಮೆ ನಮ್ಮ ಟೆಂಡರ್ ಇದ್ದ ಹಾಗೆ. ಸುಮಾರು 9:08ರವರೆಗೆ ಎಲ್ಲರ ಆರ್ಡರ್ ಕೂಡಿಸಿಕೊಂಡು, ಯಾವ ಒಂದು ಬೆಲೆಗೆ ಅತಿ ಹೆಚ್ಚು ಷೇರು ಕೈ ಬದಲಾಗುತ್ತವೆ ಅಂತ ಲೆಕ್ಕ ಹಾಕಿ ಆ ಬೆಲೆಗೆ ಪೇಟೆ ತೆರೆಯುತ್ತಾರೆ. ರಾತ್ರಿ ಬಂದ ಸುದ್ದಿಗೆ ಬೆಳಗ್ಗೆ ಒಮ್ಮೆಲೇ ನೂಕುನುಗ್ಗಲು ಆಗದಿರಲಿ ಅಂತ ಈ ಏರ್ಪಾಡು.

ಎನ್‌ಎಸ್‌ಇ, ಬಿಎಸ್‌ಇ ಅಂತ ಎರಡು ವಿನಿಮಯ ಕೇಂದ್ರ ಯಾಕಿವೆ?

ಮುಂಬೈಯ ದಲಾಲರು 1850ರ ದಶಕದಲ್ಲಿ ಟೌನ್ ಹಾಲ್ ಮುಂದಿನ ಆಲದ ಮರದಡಿ ಸೇರುತ್ತಿದ್ದರು. 1875ರಲ್ಲಿ ಸಂಘ ಕಟ್ಟಿಕೊಂಡರು, ಅದೇ ಮುಂದೆ ದಲಾಲ್ ಸ್ಟ್ರೀಟಿನ ಬಿಎಸ್‌ಇ. ಅಲ್ಲಿ ರಿಂಗ್ ಅಂತ ಒಂದು ಅಂಗಳ ಇತ್ತು, ಸವಾಲಿನ ಹಾಗೆ ಕೂಗಿ, ಕೈಸನ್ನೆ ಮಾಡಿ ವ್ಯಾಪಾರ ಮಾಡುತ್ತಿದ್ದರು. ಹುಬ್ಬಳ್ಳಿಯವರು ಆರ್ಡರ್ ಕೊಟ್ಟರೆ ಅಲ್ಲಿ ಯಾವ ಬೆಲೆಗೆ ಆಯಿತು ಅನ್ನುವುದನ್ನು ದಲಾಲರ ಬಾಯಿಮಾತಿನ ಮೇಲೆ ನಂಬಬೇಕಿತ್ತು. 1992ರಲ್ಲಿ, ಬ್ಯಾಂಕುಗಳ ರೊಕ್ಕ ತಂದು ಷೇರು ಬೆಲೆ ಏರಿಸಿದ ದಲಾಲ ಹರ್ಷದ್ ಮೆಹ್ತಾನ ಹಗರಣ ಹೊರಬಿತ್ತು. ಅದೇ ವರ್ಷ, ಷೇರು ಪೇಟೆಯ ಮೇಲೆ ಕಣ್ಣಿಡುವ ಸರಕಾರಿ ಸಂಸ್ಥೆ ಸೆಬಿಗೆ ಕಾನೂನಿನ ಬಲವೂ ಬಂತು. 1994ರಲ್ಲಿ ಎನ್‌ಎಸ್‌ಇ ಉಪಗ್ರಹ ಸಂಪರ್ಕದ ಮೂಲಕ, ಕೂಗುವ ಅಂಗಳವೇ ಇಲ್ಲದೆ, ಪರದೆಯ ಮೇಲೆ ವ್ಯಾಪಾರ ಶುರುಮಾಡಿತು. ಮರುವರ್ಷ ಬಿಎಸ್‌ಇ ಕೂಡ ಕಂಪ್ಯೂಟರಿಗೆ ಬಂತು. ಇವತ್ತು ರೋಣದಲ್ಲಿ ಕೂತವರಿಗೂ ಮುಂಬೈಯಲ್ಲಿ ಕೂತವರಿಗೂ ಕಾಣುವ ಬೆಲೆ ಒಂದೇ. ದೊಡ್ಡ ಕಂಪನಿಗಳು ಸಾಮಾನ್ಯವಾಗಿ ಎರಡೂ ಕಡೆ ಇರುತ್ತವೆ, ಪೈಸೆಗಳ ಫರಕು ಇರುತ್ತದೆ, ವ್ಯಾಪಾರ ಜಾಸ್ತಿ ಇರುವ ಕಡೆ ಕೊಳ್ಳಿ.

ಸೆನ್ಸೆಕ್ಸ್ ಅಂದರೆ ಬಿಎಸ್‌ಇಯ 30 ದೊಡ್ಡ ಕಂಪನಿಗಳ ಅಳತೆಗೋಲು. ನಿಫ್ಟಿ ಅಂದರೆ ಎನ್‌ಎಸ್‌ಇಯ 50 ಕಂಪನಿಗಳದ್ದು.

ಕೊಂಡೆ. ಈಗ ಷೇರು ಎಲ್ಲಿದೆ?

ಈ ಪ್ರಶ್ನೆ ಕೇಳುವವರು ಕಡಿಮೆ, ಎಲ್ಲರೂ ಕೇಳಬೇಕಾದದ್ದು ಇದೇ.

ನಿಮ್ಮ ಆರ್ಡರ್ ಮೊದಲು ಬ್ರೋಕರ್, ಅಂದರೆ ಷೇರು ದಲಾಲರ ಹತ್ತಿರ ಹೋಗುತ್ತದೆ. ಖಾತೆಯಲ್ಲಿ ರೊಕ್ಕ ಇದೆಯೋ ಇಲ್ಲವೋ ನೋಡಿ ಅವರು ವಿನಿಮಯ ಕೇಂದ್ರಕ್ಕೆ ಕಳಿಸುತ್ತಾರೆ. ಅಲ್ಲಿ ಜೋಡಿ ಸಿಕ್ಕ ಕೂಡಲೇ ಕ್ಲಿಯರಿಂಗ್ ಕಾರ್ಪೊರೇಷನ್ ಅನ್ನುವ ಸಂಸ್ಥೆ ನಡುವೆ ಬಂದು ನಿಲ್ಲುತ್ತದೆ. ಕೊಳ್ಳುವವರಿಗೆ ಅದೇ ಮಾರುವವರು, ಮಾರುವವರಿಗೆ ಅದೇ ಕೊಳ್ಳುವವರು. ಆ ಕಡೆಯ ಅಪರಿಚಿತ ಕೈ ಎತ್ತಿದರೂ ನಿಮ್ಮ ವ್ಯಾಪಾರ ಮುರಿಯುವುದಿಲ್ಲ, ಅದಕ್ಕಾಗಿಯೇ ಒಂದು ಗ್ಯಾರಂಟಿ ನಿಧಿ ಇಟ್ಟಿರುತ್ತಾರೆ. ದಲಾಲಿ ಅಂಗಡಿಯವರು ವ್ಯಾಪಾರಿಯಿಂದ ರೊಕ್ಕ ಬರುವ ಮುಂಚೆಯೇ ರೈತನ ಪಟ್ಟಿ ಚುಕ್ತಾ ಮಾಡುತ್ತಾರಲ್ಲ, ಅಂಥದ್ದೇ ಜವಾಬ್ದಾರಿ.

ಮರುದಿನ ವ್ಯವಹಾರ ಚುಕ್ತಾ ಆಗುತ್ತದೆ. 2023ರ ಜನವರಿಯಿಂದ ನಮ್ಮ ದೇಶದಲ್ಲಿ ಎಲ್ಲ ಷೇರಿಗೂ ಹೀಗೇ. ಇವತ್ತು ಕೊಂಡರೆ ನಾಳೆ, ರಜೆ ಇದ್ದರೆ ಮುಂದಿನ ಕೆಲಸದ ದಿನ, ಷೇರು ನಿಮ್ಮ ಡಿಮ್ಯಾಟ್ ಖಾತೆಗೆ (ಕಾಗದವಿಲ್ಲದೆ ಕಂಪ್ಯೂಟರಿನಲ್ಲಿ ಷೇರು ಇಡುವ ಖಾತೆ) ಬಂದು ಕೂಡುತ್ತದೆ. ಆ ಖಾತೆ ಬರೆಯುವುದು ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್ ಅನ್ನುವ ಷೇರುಗಳ ಗೋದಾಮು, ಬ್ರೋಕರ್ ಅಲ್ಲ. ಬ್ರೋಕರ್ ಆಪ್ ಬರೀ ಬಾಗಿಲು. ಮಾಲು ಇರುವುದು ಗೋದಾಮಿನಲ್ಲಿ.

ಆದ್ದರಿಂದ ಗೋದಾಮಿನ ಲೆಕ್ಕವನ್ನು ನೀವೇ ನೋಡಿ. ಈ ಎರಡೂ ಸಂಸ್ಥೆಗಳಿಂದ ಈಮೇಲ್‌ಗೆ ಒಟ್ಟು ಲೆಕ್ಕದ ಪಟ್ಟಿ ಬರುತ್ತದೆ, ವ್ಯವಹಾರ ಮಾಡಿದ ತಿಂಗಳಂತೂ ಬಂದೇ ಬರುತ್ತದೆ. ಬ್ರೋಕರ್ ಆಪ್‌ನಲ್ಲಿ 120 ಷೇರು ಕಂಡು, ಆ ಪಟ್ಟಿಯಲ್ಲಿ 120 ಇಲ್ಲದಿದ್ದರೆ ಅವತ್ತೇ ಕೇಳಿ. ಮೊಬೈಲ್ ನಂಬರು, ಈಮೇಲ್ ನಿಮ್ಮದೇ ಇರಲಿ, ಏಜೆಂಟರದ್ದು ಬೇಡ.

ಬ್ರೋಕರ್ ಕಂಪನಿ ಮುಳುಗಿದರೆ?

ಡಿಮ್ಯಾಟ್‌ನಲ್ಲಿ ನಿಮ್ಮ ಹೆಸರಲ್ಲಿ ಇರುವ ಷೇರು ನಿಮ್ಮದೇ, ಬೇರೆ ಬ್ರೋಕರ್ ಕಡೆ ವರ್ಗ ಮಾಡಿಸಿಕೊಳ್ಳಬಹುದು. ಅಪಾಯ ಇರುವುದು ಬ್ರೋಕರ್ ಖಾತೆಯಲ್ಲಿ ಸುಮ್ನೆ ಬಿದ್ದಿರುವ ರೊಕ್ಕಕ್ಕೆ, ಮತ್ತೆ ಓದದೆ ಸಹಿ ಮಾಡಿಕೊಟ್ಟ ಅಧಿಕಾರ ಪತ್ರದಿಂದ, ಅದನ್ನು ಹಿಡಿದು ಬ್ರೋಕರ್ ನಿಮ್ಮ ಷೇರು ಮುಟ್ಟಬಹುದು. ಇವತ್ತು ಕೊಳ್ಳುವುದಿಲ್ಲವಾದರೆ ರೊಕ್ಕ ಬ್ಯಾಂಕಿನಲ್ಲೇ ಇರಲಿ.

ಖಾತೆ ತೆರೆಯಲು ಏನು ಬೇಕು?

ಪ್ಯಾನ್, ಆಧಾರ್, ಬ್ಯಾಂಕ್ ಖಾತೆ, ಆಧಾರ್‌ಗೆ ಜೋಡಿಸಿದ ಮೊಬೈಲ್. ಮನೆಯಲ್ಲೇ ಫೋನಿನಲ್ಲಿ ಆಗುತ್ತದೆ. ಸಣ್ಣ ಖಾತೆಗೆ ಮೂಲ ಸೇವಾ ಡಿಮ್ಯಾಟ್ ಅಂತ ಒಂದು ಬಗೆ ಇದೆ, ಅದರಲ್ಲಿ 4 ಲಕ್ಷದವರೆಗಿನ ಹೂಡಿಕೆಗೆ ವರ್ಷದ ಶುಲ್ಕ ಇಲ್ಲ. ಕೇಳಿ ಮಾಡಿಸಿ. ಮ್ಯೂಚುವಲ್ ಫಂಡ್ (ಬಹಳ ಜನರ ರೊಕ್ಕ ಕೂಡಿಸಿ ಒಟ್ಟಿಗೆ ಹೂಡುವ ನಿಧಿ) ಒಂದೇ ಸಾಕು ಅನ್ನುವವರಿಗೆ ಡಿಮ್ಯಾಟ್ ಬೇಕೇ ಬೇಕು ಅಂತೇನೂ ಇಲ್ಲ.

ಸರಿ, ಯಾವ ದಾರಿಯಲ್ಲಿ ಹಾಕಲಿ?

ಮೊದಲು ಆರು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿ ಇರಲಿ. ಮೈಮೇಲೆ ಬಡ್ಡಿ ಸಾಲ ಇದ್ದರೆ ಅದನ್ನು ತೀರಿಸಿ. ಮಗಳ ಮದುವೆಗೆ, ಮುಂದಿನ ವರ್ಷದ ಕಾಲೇಜು ಫೀಗೆ ತೆಗೆದಿಟ್ಟ ರೊಕ್ಕ ಇಲ್ಲಿಗೆ ತರಬೇಡಿ. ಐದಾರು ವರ್ಷ ಮುಟ್ಟುವುದಿಲ್ಲ ಅನ್ನುವ ರೊಕ್ಕ ಮಾತ್ರ.

ಹೊಸಬರಿಗೆ ನಾನು ಹೇಳುವುದು ಇಂಡೆಕ್ಸ್ ಫಂಡ್. ನಿಫ್ಟಿಯ 50 ಕಂಪನಿಗಳಲ್ಲೂ ಅವುಗಳ ತೂಕಕ್ಕೆ ತಕ್ಕಂತೆ ಹಂಚಿ ಹಾಕುವ ಮ್ಯೂಚುವಲ್ ಫಂಡ್ ಅದು. ಯಾರೋ ಜಾಣರು ಆರಿಸುತ್ತಾರೆ ಅನ್ನುವ ಭರವಸೆ ಇಲ್ಲ, ಅದಕ್ಕೇ ಖರ್ಚೂ ಕಡಿಮೆ. ಅದರಲ್ಲೂ ಡೈರೆಕ್ಟ್ ಪ್ಲಾನ್ ತಗೊಳ್ಳಿ, ರೆಗ್ಯುಲರ್‌ನಲ್ಲಿ ಏಜೆಂಟರ ಕಮಿಷನ್ ಪ್ರತಿ ವರ್ಷ ನಿಮ್ಮ ರೊಕ್ಕದಿಂದಲೇ ಹೋಗುತ್ತದೆ. ತಿಂಗಳಿಗೆ 500 ರೂಪಾಯಿಯ ಎಸ್‌ಐಪಿಯಿಂದಲೂ (ತಿಂಗಳು ತಿಂಗಳು ಇಷ್ಟು ಅಂತ ಗೊತ್ತು ಮಾಡಿ ಹಾಕುವುದು) ಶುರುಮಾಡಬಹುದು.

ಇಟಿಎಫ್ ಅಂದರೆ ಅಂಥದ್ದೇ ಫಂಡು, ಆದರೆ ಷೇರಿನ ಹಾಗೆ ಪೇಟೆಯಲ್ಲಿ ಕೊಂಡು ಮಾರುವುದು. ಅದಕ್ಕೆ ಡಿಮ್ಯಾಟ್ ಬೇಕು, ಲಿಮಿಟ್ ಆರ್ಡರೂ ಬೇಕು, ಯಾಕೆಂದರೆ ಕೆಲವದರಲ್ಲಿ ಸಾಲು ತೆಳ್ಳಗಿರುತ್ತದೆ.

ಒಂದೊಂದೇ ಕಂಪನಿ ಆರಿಸಿ ಕೊಳ್ಳುವ ಆಸೆ ಇದ್ದರೆ ತಪ್ಪಿಲ್ಲ. ವಾರ್ಷಿಕ ವರದಿ ಓದುವ ತಾಳ್ಮೆ ಇರಬೇಕು. ಸಾಲ ಎಷ್ಟು, ಲಾಭ ಕಾಗದದ ಮೇಲಿದೆಯೋ ಕೈಗೆ ಬಂದಿದೆಯೋ, ಕಂಪನಿ ನಡೆಸುವವರು ತಮ್ಮ ಷೇರು ಅಡ ಇಟ್ಟಿದ್ದಾರೋ. ಈ ಮೂರೂ ಗೊತ್ತಾಗದೆ ನಾನು ಕೊಳ್ಳುವುದಿಲ್ಲ.

ನಮ್ಮದು ಒಕ್ಕಲುತನ. ತಿಂಗಳ ಪಗಾರ ಇಲ್ಲ. ಎಸ್‌ಐಪಿ ಹೇಗೆ?

ಎಸ್‌ಐಪಿ ಜಾಹೀರಾತುಗಳೆಲ್ಲ ಪಗಾರದವರಿಗೇ ಇರುತ್ತವೆ. ಮೆಣಸಿನಕಾಯಿ, ಹತ್ತಿ ಬೆಳೆಯುವವರ ಕೈಗೆ ರೊಕ್ಕ ಬರುವುದು ಪೀಕು ಮಾರಿದಾಗ ಮಾತ್ರ. ಅಂಥವರು ಮಾರಿದ ಮೇಲೆ ಬಿತ್ತನೆ, ಗೊಬ್ಬರ, ಮನೆಖರ್ಚಿಗೆ ಬೇಕಾದ್ದನ್ನು ಮೊದಲು ತೆಗೆದಿಡಿ. ಉಳಿದದ್ದನ್ನು ಲಿಕ್ವಿಡ್ ಫಂಡಿನಲ್ಲಿ (ಏರಿಳಿತ ಕಡಿಮೆ ಇರುವ, ಬೇಕೆಂದಾಗ ಬೇಗ ತೆಗೆಯಬಹುದಾದ ಫಂಡು) ಇಟ್ಟು, ಅಲ್ಲಿಂದ ತಿಂಗಳಿಗೆ ಇಷ್ಟಿಷ್ಟು ಇಂಡೆಕ್ಸ್ ಫಂಡಿಗೆ ಹೋಗುವ ಹಾಗೆ ಬರೆದುಕೊಡಬಹುದು. ಅದಕ್ಕೆ ಎಸ್‌ಟಿಪಿ ಅನ್ನುತ್ತಾರೆ, ಎರಡೂ ಒಂದೇ ಫಂಡ್ ಕಂಪನಿಯವು ಇರಬೇಕು. ಮಳೆ ಕೈಕೊಟ್ಟ ವರ್ಷ ನಿಲ್ಲಿಸಿ. ನಿಲ್ಲಿಸಿದರೆ ಹಾಕಿದ್ದು ಎಲ್ಲೂ ಹೋಗುವುದಿಲ್ಲ. ಅಪ್ಪನಿಗೆ ನಾನು ಮಾಡಿಕೊಟ್ಟಿರುವುದೂ ಇದನ್ನೇ.

ಆಪ್ಷನ್‌ನಲ್ಲಿ ದಿನಾ ಸಾವಿರ ಗಳಿಸುತ್ತಾರಂತೆ?

ಆಪ್ಷನ್ ಅಂದರೆ ಷೇರಲ್ಲ, ಗೊತ್ತಾದ ದಿನಕ್ಕೆ ಗೊತ್ತಾದ ಬೆಲೆಗೆ ಕೊಳ್ಳುವ ಅಥವಾ ಮಾರುವ ಹಕ್ಕು ಅಷ್ಟೇ. ಧಾರವಾಡದಲ್ಲಿ ಪರೀಕ್ಷೆಗೆ ಓದಲು ಬಂದ ಹುಡುಗರು ಇದನ್ನು ಕೇಳಿದಾಗ ನನಗೆ ನಿಜವಾಗಿ ಸಂಕಟವಾಗುತ್ತದೆ. ಸೆಬಿಯೇ ಲೆಕ್ಕ ತೆಗೆದು 2024ರಲ್ಲಿ ಪ್ರಕಟಿಸಿತು. ಮೂರು ವರ್ಷದಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ (ಮುಂದಿನ ಬೆಲೆಯ ಮೇಲೆ ಮಾಡುವ ವಾಯಿದೆ ವ್ಯವಹಾರ) ಆಡಿದ ಸಾಮಾನ್ಯ ಜನರಲ್ಲಿ 100ಕ್ಕೆ 93 ಮಂದಿಗೆ ನಷ್ಟ. ಒಬ್ಬೊಬ್ಬರದು ಸರಾಸರಿ 2 ಲಕ್ಷದಷ್ಟು, ಒಟ್ಟು 1.8 ಲಕ್ಷ ಕೋಟಿ ರೂಪಾಯಿಗೂ ಜಾಸ್ತಿ. ಷೇರು ಕೊಂಡರೆ ಬೆಲೆ ಬಿದ್ದರೂ ಪಾಲು ಕೈಯಲ್ಲಿ ಉಳಿಯುತ್ತದೆ, ಕಾಯಬಹುದು. ಆಪ್ಷನ್‌ಗೆ ವಾಯಿದೆ ಇದೆ. ದಿನ ಮುಗಿದರೆ ಕೊಂಡದ್ದು ಸೊನ್ನೆ ಆಗಬಹುದು. ತಮ್ಮಾ, ಮನೆಯವರು ಕಳಿಸಿದ ರೂಮಿನ ಬಾಡಿಗೆಯಲ್ಲಿ ಇದನ್ನು ಮಾಡಬೇಡ.

ಪೇಟೆ ಬಿದ್ದರೆ ಏನು ಮಾಡಲಿ?

ಬೀಳುತ್ತದೆ. 2008ರ ಜನವರಿಯಲ್ಲಿ ಸೆನ್ಸೆಕ್ಸ್ 21,000 ಮುಟ್ಟಿತ್ತು, ಅದೇ ಅಕ್ಟೋಬರ್‌ನಲ್ಲಿ 8,000ದ ಕೆಳಗೂ ಇಳಿಯಿತು. ಮತ್ತೆ 21,000 ನೋಡಲು 2010ರ ದೀಪಾವಳಿ ಹೊತ್ತು ಬರಬೇಕಾಯಿತು. 2020ರ ಮಾರ್ಚ್ 23ರಂದು ಒಂದೇ ದಿನ ನೂರಕ್ಕೆ 13ರಷ್ಟು ಕುಸಿಯಿತು. ಆ ಸಲ ನವೆಂಬರ್‌ಗೇ ಹಳೆಯ ಎತ್ತರಕ್ಕೆ ಬಂತು. ಎಷ್ಟು ಹೊತ್ತು ಬೇಕು ಅಂತ ಯಾರೂ ಮುಂಚೆ ಹೇಳಲಾರರು, ಅದಕ್ಕೇ ಐದಾರು ವರ್ಷ ಮುಟ್ಟದ ರೊಕ್ಕ ಅಂದದ್ದು.

ಯಂತ್ರಕ್ಕೂ ಬ್ರೇಕ್ ಇದೆ. ಸೂಚ್ಯಂಕ (ಸೆನ್ಸೆಕ್ಸ್ ಅಥವಾ ನಿಫ್ಟಿ) ಶೇಕಡಾ 10 ಸರಿದರೆ ಇಡೀ ದೇಶದ ಪೇಟೆ ನಿಲ್ಲುತ್ತದೆ, ಮಧ್ಯಾಹ್ನ 1 ಗಂಟೆಗೆ ಮುಂಚೆ ಆದರೆ 45 ನಿಮಿಷ. ಶೇಕಡಾ 20 ಆದರೆ ಆ ದಿನಕ್ಕೆ ಬಂದ್. ಜನ ಉಸಿರು ತಗೊಂಡು ಯೋಚಿಸಲಿ ಅಂತ.

ಖರ್ಚು, ತೆರಿಗೆ ಎಷ್ಟು?

ಷೇರು ಕೊಂಡು ಡಿಮ್ಯಾಟ್‌ಗೆ ತಂದರೆ ವ್ಯವಹಾರ ತೆರಿಗೆ ಶೇಕಡಾ 0.1, ಮಾರುವಾಗಲೂ ಅಷ್ಟೇ. ಕೊಳ್ಳುವಾಗ ಸ್ಟ್ಯಾಂಪ್ ಶುಲ್ಕ ಶೇಕಡಾ 0.015. ಬ್ರೋಕರೇಜ್ ಇದ್ದರೆ ಅದರ ಮೇಲೆ ಶೇಕಡಾ 18 ಜಿಎಸ್‌ಟಿ. ಒಂದು ವರ್ಷದೊಳಗೆ ಮಾರಿದ ಲಾಭಕ್ಕೆ ಶೇಕಡಾ 20. ವರ್ಷ ದಾಟಿದರೆ ಶೇಕಡಾ 12.5, ಅದರಲ್ಲೂ ವರ್ಷಕ್ಕೆ 1.25 ಲಕ್ಷದವರೆಗಿನ ಲಾಭಕ್ಕೆ ಇಲ್ಲ. ಲಾಭದ ಮೇಲಿನ ಈ ದರಗಳು 2024ರ ಜುಲೈಯಿಂದ ಬಂದವು. ನಷ್ಟ ಆಗಿದ್ದರೂ ರಿಟರ್ನ್‌ನಲ್ಲಿ ತೋರಿಸಿ, ಅದೂ ಗಡುವಿನೊಳಗೆ. ಎಂಟು ವರ್ಷದವರೆಗೆ ಮುಂದಿನ ಲಾಭದಲ್ಲಿ ಕಳೆಯಬಹುದು.

ವಾಟ್ಸಾಪ್ ಗುಂಪಿನಲ್ಲಿ ಟಿಪ್ ಕೊಡುತ್ತಾರೆ, ನಂಬಲಾ?

ನಮ್ಮ ಕಾಕಾ ನಂಬಿದರು. ಗುಂಪಿನವರು ಒಂದು ಆಪ್ ಹಾಕಿಸಿದರು, ಒಬ್ಬರ ಖಾಸಗಿ ಬ್ಯಾಂಕ್ ಖಾತೆಗೆ ರೊಕ್ಕ ಕಳಿಸಲು ಹೇಳಿದರು. ಆಪ್‌ನಲ್ಲಿ ದಿನಾ ಲಾಭ ಏರುತ್ತಿತ್ತು. ತೆಗೆಯಲು ಹೋದಾಗ ಮೊದಲು ತೆರಿಗೆ ಕಟ್ಟಿ ಅಂದರು, ಕಟ್ಟಿದ ಮೇಲೆ ಫೋನು ಎತ್ತಲಿಲ್ಲ. ಎತ್ತು ಮಾರಿದ ರೊಕ್ಕವೂ ಅದರಲ್ಲಿತ್ತು. ಅವರ ಆಪ್ ಹಿಂದೆ ವಿನಿಮಯ ಕೇಂದ್ರವೂ ಇರಲಿಲ್ಲ, ಡಿಮ್ಯಾಟೂ ಇರಲಿಲ್ಲ, ಬರೀ ಅಂಕಿ ಬರೆದ ಪರದೆ. ಕಾಕಾ ಮುಂಚೆ ನನಗೆ ಒಂದು ಫೋನ್ ಮಾಡಿದ್ದರೆ, "ಷೇರು ಯಾವ ಡಿಮ್ಯಾಟ್‌ನಲ್ಲಿ ಬಂದು ಕೂತಿವೆ?" ಅಂತ ಒಂದೇ ಮಾತು ಕೇಳುತ್ತಿದ್ದೆ.

ಬ್ರೋಕರ್ ಹೆಸರು, ನೋಂದಣಿ ಸಂಖ್ಯೆ ಸೆಬಿ ವೆಬ್‌ಸೈಟಿನಲ್ಲಿ ಇದೆಯಾ ನೋಡಿ. ವ್ಯಕ್ತಿಯ ಹೆಸರಿನ ಖಾತೆಗೆ ರೊಕ್ಕ ಹಾಕಬೇಡಿ. ಮೋಸ ಆದರೆ ನಾಚಿಕೆಪಡದೆ ಕೂಡಲೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಮೊದಲ ಕೆಲವು ತಾಸಿನಲ್ಲಿ ತಿಳಿಸಿದರೆ ರೊಕ್ಕ ತಡೆಹಿಡಿಯುವ ಅವಕಾಶ ಇರುತ್ತದೆ. ನೋಂದಾಯಿತ ಬ್ರೋಕರ್ ಮೇಲಿನ ದೂರು ಇದ್ದರೆ ಸೆಬಿಯ ಸ್ಕೋರ್ಸ್ ಪೋರ್ಟಲ್‌ನಲ್ಲಿ ಕೊಡಿ.

ಅಜ್ಜನ ಟ್ರಂಕಿನಲ್ಲಿ ಹಳೆಯ ಷೇರು ಕಾಗದ ಸಿಕ್ಕಿವೆ, ನಡೆಯುತ್ತವಾ?

ಹಳೆಯ ಧಾರವಾಡದ ಮನೆಗಳಲ್ಲಿ ಇವು ಸಿಗುತ್ತಲೇ ಇರುತ್ತವೆ. ಹರಿಯಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ. 2019ರ ಏಪ್ರಿಲ್‌ನಿಂದ ಕಾಗದದ ಷೇರನ್ನು ಹಾಗೇ ಬೇರೆಯವರಿಗೆ ಮಾರುವ ಹಾಗಿಲ್ಲ, ಆದರೆ ವಾರಸುದಾರರ ಹೆಸರಿಗೆ ಮಾಡಿಸಿ ಡಿಮ್ಯಾಟ್‌ಗೆ ತರಬಹುದು. ಕಂಪನಿಯ ಹೆಸರು ಬದಲಾಗಿದೆಯೋ, ಬೇರೆಯದರಲ್ಲಿ ಸೇರಿದೆಯೋ ನೋಡಿ, ಅದರ ಷೇರುದಾರರ ಲೆಕ್ಕ ಇಡುವ ರಿಜಿಸ್ಟ್ರಾರ್‌ಗೆ ಕಾಗದದ ಮೇಲಿರುವ ಫೋಲಿಯೊ ನಂಬರು ಕೊಟ್ಟು ಪತ್ರ ಬರೆಯಿರಿ. ಸತತ ಏಳು ವರ್ಷ ಡಿವಿಡೆಂಡ್ (ಕಂಪನಿ ಹಂಚುವ ಲಾಭ) ತಗೊಳ್ಳದಿದ್ದರೆ ಷೇರು ಸರಕಾರದ ಐಇಪಿಎಫ್ ನಿಧಿಗೆ ಹೋಗಿರುತ್ತದೆ. ಅಲ್ಲಿಂದಲೂ ವಾಪಸ್ ಪಡೆಯಬಹುದು, ಮರಣ ಪತ್ರ, ವಾರಸಾ ಪತ್ರ ಎಲ್ಲ ಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ. ಅರ್ಧ ಪಾಲು ಕೇಳುವ ಏಜೆಂಟರಿಗೆ ಒಪ್ಪುವ ಮುಂಚೆ ಒಮ್ಮೆ ನೀವೇ ಪತ್ರ ಬರೆದು ನೋಡಿ. ಮತ್ತೆ ನಿಮ್ಮ ಸ್ವಂತ ಡಿಮ್ಯಾಟ್‌ನಲ್ಲಿ ಇವತ್ತೇ ನಾಮಿನಿ ಹೆಸರು ತುಂಬಿಸಿ, ಖಾತೆ ಎಲ್ಲಿದೆ ಅಂತ ಮನೆಯಲ್ಲಿ ಒಬ್ಬರಿಗಾದರೂ ಹೇಳಿಡಿ.